ಮೂಳೆ ಮುರಿತದ ವಿಧಗಳು ಮತ್ತು ಪರಿಹಾರದ ಅರ್ಜಿ: ಸಾರ್ವಜನಿಕರ ಮಾಹಿತಿಗಾಗಿ

ಅಪರಿಚಿತ ವಾಹನವು ಡಿಕ್ಕಿ ಹೊಡೆದು ಪರಾರಿಯಾದ ಪ್ರಕರಣಗಳಲ್ಲಿ ತೀವ್ರ ಗಾಯಕ್ಕೊಳಗಾದವರಿಗೆ, ದಿನಾಂಕ 1-4-2022 ರಿಂದ ಜಾರಿಗೆ ಬಂದ ಕೇಂದ್ರ ಯೋಜನೆಯಡಿ ರೂ. 50,000 ಪರಿಹಾರ ದೊರೆಯುತ್ತದೆ. ಮೂಳೆ ಮುರಿತವು ತೀವ್ರ ಗಾಯಗಳಲ್ಲಿ ಒಂದಾಗಿದೆ. ಅರ್ಜಿದಾರರ ಅನುಕೂಲಕ್ಕಾಗಿ, ವೈದ್ಯಕೀಯ ದಾಖಲೆಗಳಲ್ಲಿ ಕಂಡುಬರುವ ಮುರಿತದ ವಿಧಗಳನ್ನು ಇಲ್ಲಿ ವಿವರಿಸಲಾಗಿದೆ.

ಮುರಿತದ ವಿಧಗಳು

1. ಸಿಂಪಲ್ ಫ್ರ್ಯಾಕ್ಚರ್: ಮೂಳೆ ಮುರಿದಿದ್ದರೂ ಚರ್ಮ ಹರಿದಿರುವುದಿಲ್ಲ. ಇಲ್ಲಿ ‘ಸಿಂಪಲ್’ ಎಂಬುದು ಗಾಯವು ಅಲ್ಪವೆಂದು ಸೂಚಿಸುವುದಿಲ್ಲ.

2. ಕಾಂಪೌಂಡ್ ಫ್ರ್ಯಾಕ್ಚರ್: ಮುರಿತದ ಜಾಗದಲ್ಲಿ ಚರ್ಮವೂ ಹರಿದಿರುತ್ತದೆ. ಸೋಂಕು ತಗಲುವ ಅಪಾಯವಿರುವುದರಿಂದ, ಗಾಯವನ್ನು ಶುಭ್ರವಾದ ಬಟ್ಟೆಯಿಂದ ಮುಚ್ಚಿ ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

3. ಕಮಿನ್ಯುಟೆಡ್ ಫ್ರ್ಯಾಕ್ಚರ್: ಮೂಳೆಯು ಹಲವು ಚೂರುಗಳಾಗಿರುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗಬಹುದು.

4. ಗ್ರೀನ್‌ಸ್ಟಿಕ್ ಫ್ರ್ಯಾಕ್ಚರ್: ಮಕ್ಕಳಲ್ಲಿ ಕಂಡುಬರುತ್ತದೆ. ಹಸಿ ಕಡ್ಡಿಯಂತೆ ಮೂಳೆಯು ಒಂದು ಬದಿಯಲ್ಲಿ ಮುರಿದು ಇನ್ನೊಂದು ಬದಿಯಲ್ಲಿ ಬಾಗುತ್ತದೆ.

5. ಹೇರ್‌ಲೈನ್ ಫ್ರ್ಯಾಕ್ಚರ್: ಕೂದಲೆಳೆಯಷ್ಟು ತೆಳುವಾದ ಬಿರುಕು. ಮೊದಲ ಎಕ್ಸ್-ರೇಯಲ್ಲಿ ಕಾಣದೆ, 10 ರಿಂದ 14 ದಿನಗಳ ನಂತರ ತೆಗೆದ ಎಕ್ಸ್-ರೇಯಲ್ಲಿ ಗೋಚರಿಸುವುದುಂಟು.

ಬಿರುಕೂ ಮುರಿತವೇ

ಮೂಳೆಯು ಪೂರ್ತಿ ತುಂಡಾಗಬೇಕಿಲ್ಲ, ಬಿರುಕು ಬಿಟ್ಟರೂ ಕಾನೂನಿನ ದೃಷ್ಟಿಯಲ್ಲಿ ಅದು ಮುರಿತವೇ ಎಂದು ಸರ್ವೋಚ್ಚ ನ್ಯಾಯಾಲಯವು ಹೋರಿಲಾಲ್ ಪ್ರಕರಣದಲ್ಲಿ (ಎ.ಐ.ಆರ್. 1970) ತೀರ್ಮಾನಿಸಿದೆ. ಆಗಿನ ಭಾರತೀಯ ದಂಡ ಸಂಹಿತೆಯ ಕಲಂ 320 ರಲ್ಲಿದ್ದ ಈ ಅಂಶವು, ದಿನಾಂಕ 1-7-2024 ರಿಂದ ಭಾರತೀಯ ನ್ಯಾಯ ಸಂಹಿತೆಯ ಕಲಂ 116 ರಲ್ಲಿದೆ. ಆದುದರಿಂದ ‘ಬರೀ ಕ್ರ್ಯಾಕ್ ಆಗಿದೆ’ ಎಂದು ಅರ್ಜಿ ಸಲ್ಲಿಸದೆ ಉಳಿಯಬಾರದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

* ಅಪಘಾತ ನಡೆದ ಉಪವಿಭಾಗ ಅಥವಾ ತಾಲ್ಲೂಕಿನ ಕ್ಲೇಮು ವಿಚಾರಣಾಧಿಕಾರಿಗಳಿಗೆ ನಮೂನೆ-1 ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು.
* ಎಫ್.ಐ.ಆರ್. ಪ್ರತಿ, ಗಾಯದ ಪ್ರಮಾಣ ಪತ್ರ, ಗುರುತಿನ ಚೀಟಿ ಹಾಗೂ ಬ್ಯಾಂಕ್ ಪಾಸ್‌ಬುಕ್ ಪ್ರತಿಯನ್ನು ಲಗತ್ತಿಸತಕ್ಕದ್ದು.
* ಪ್ರಮಾಣ ಪತ್ರ ನೀಡಿದ ನಂತರ ಮುರಿತವು ಪತ್ತೆಯಾದಲ್ಲಿ, ಎಕ್ಸ್-ರೇ ವರದಿಯೊಂದಿಗೆ ವೈದ್ಯಾಧಿಕಾರಿಗಳ ಅಂತಿಮ ಅಭಿಪ್ರಾಯವನ್ನು ಕೋರಿ ಪಡೆಯುವುದು.
* ನಾಟಿ ಚಿಕಿತ್ಸೆಯನ್ನಷ್ಟೇ ಪಡೆದಲ್ಲಿ ಎಕ್ಸ್-ರೇ ಹಾಗೂ ಪ್ರಮಾಣ ಪತ್ರದ ದಾಖಲೆ ಇರುವುದಿಲ್ಲ. ಬಿಗಿ ಕಟ್ಟಿನಿಂದ ಬೆರಳುಗಳು ಜೋಮು ಹಿಡಿದರೆ ಅಥವಾ ನೀಲಿಗಟ್ಟಿದರೆ, ಕಟ್ಟನ್ನು ಸಡಿಲಿಸಿ ತಕ್ಷಣವೇ ಆಸ್ಪತ್ರೆಗೆ ತೆರಳತಕ್ಕದ್ದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.