ಸ್ಮಾರಕ ವಿದ್ಯಾರ್ಥಿವೇತನದ ಮೂಲಧನ

ಅಗಲಿದ ಸಭೆಯವರ ನೆನಪಿಗಾಗಿ ದೇವಾಲಯಕ್ಕೆ ಘಂಟೆಯನ್ನೋ ಪ್ರಸಂಗಪೀಠವನ್ನೋ ಅರ್ಪಿಸುವ ವಾಡಿಕೆಯನ್ನು ನಾವೆಲ್ಲರೂ ಬಲ್ಲೆವು. ವಿದ್ಯಾರ್ಥಿವೇತನ ನಿಧಿಯ ಕ್ರಮವು ಬೇರೆ. ಇಲ್ಲಿ ಮೂಲಧನವನ್ನು ಮುಟ್ಟದೆ ಬಡ್ಡಿಯನ್ನು ಮಾತ್ರವೇ ವ್ಯಯಿಸತಕ್ಕದ್ದು. 1643ರಲ್ಲಿ ಲಂಡನ್ ನಗರದ ವಿಧವೆ ಆನ್ ಮೌಲ್ಸನ್ ಎಂಬಾಕೆಯು ಅಮೇರಿಕದ ಹಾರ್ವರ್ಡ್ ಕಾಲೇಜಿಗೆ 100 ಪೌಂಡುಗಳನ್ನಿತ್ತು, ಅದರ ವಾರ್ಷಿಕ ಆದಾಯದಿಂದ ಬಡ ವಿದ್ಯಾರ್ಥಿಯೊಬ್ಬನನ್ನು ಪೋಷಿಸಬೇಕೆಂದು ವಿಧಿಸಿದಳು. ಹೆಣ್ಣುಮಕ್ಕಳಿಗೆ ಆಗ ಅಲ್ಲಿ ಪ್ರವೇಶವೇ ಇರಲಿಲ್ಲ! 1894ರಲ್ಲಿ ಅಲ್ಲಿಯ ಸ್ತ್ರೀಯರ ಕಾಲೇಜಿಗೆ ಆಕೆಯ ತವರಿನ ಹೆಸರಾದ ರಾಡ್‌ಕ್ಲಿಫ್ ಎಂಬುದನ್ನಿಟ್ಟರು.

ಆದರೆ ಮುಟ್ಟದಿದ್ದ ಮಾತ್ರಕ್ಕೆ ಮೂಲಧನವು ಸವೆಯದೆಂದು ತಿಳಿಯಲಾಗದು. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ, 12 ವರ್ಷಗಳಲ್ಲಿ ರೂಪಾಯಿಯ ಬೆಲೆಯು ಎಂಟಾಣೆಗಿಳಿಯುವುದು. ಶಾಲೆಯ ಶುಲ್ಕವನ್ನು ತೆರುತ್ತಿದ್ದ ಬಡ್ಡಿಯು ಕಡೆಗೆ ಪುಸ್ತಕಗಳಿಗೂ ಸಾಲದು. ಆದುದರಿಂದ ತಂದೆತಾಯಿಗಳ ಹೆಸರಿನಲ್ಲಿ ನಿಧಿಯಿಡುವವರು, ಬಡ್ಡಿಯ ಒಂದಂಶವನ್ನು ಪ್ರತಿವರ್ಷವೂ ಮೂಲಧನಕ್ಕೆ ಕೂಡಿಸತಕ್ಕದ್ದೆಂದು ದಾನಪತ್ರದಲ್ಲಿಯೇ ಬರೆಯಿಸುವಂತೆ ಬಿನ್ನಯಿಸುತ್ತೇವೆ.