ಸಾಣೆಯ ಯಂತ್ರವನ್ನು ಆರಿಸುವ ಬಗೆ

ನಾಸಿಕದ ಸಾತಪುರ, ಅಂಬಡಗಳ ಬದಿಯಲ್ಲಾಗಲಿ, ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾಗಳ ಹಾದಿಯಲ್ಲಾಗಲಿ ಸಂಜೆಯ ಹೊತ್ತು ನಡೆದುಹೋಗುವಾಗ, ಗ್ಯಾರೇಜಿನ ಬಾಗಿಲಲ್ಲಿ ಕಿಡಿಗಳ ಕಾರಂಜಿ ಚಿಮ್ಮುವುದನ್ನು ನೀವೆಲ್ಲರೂ ನೋಡಿರುವಿರಿ. ಕಿವಿಗೆ ಕರ್ಕಶವಾದ ಆ ಸದ್ದು ಹ್ಯಾಂಡ್ ಗ್ರೈಂಡರ್ ಎಂಬ ಚಿಕ್ಕ ಯಂತ್ರದ್ದು. ಹಳೆಯ ಜೀಪು, ಕಾರುಗಳ ತುಕ್ಕನ್ನು ಕಳೆದು, ಕೊಳೆತ ತಗಡನ್ನು ಕತ್ತರಿಸಿ, ಹೊಸ ಬೆಸುಗೆಯನ್ನು ನಯಗೊಳಿಸುವ ಕೆಲಸಕ್ಕೆ ಇದಿಲ್ಲದೆ ನಡೆಯದು.

ಕನ್ನಡ ಪಾಠ ಹೇಳುವವನಿಗೆ ಈ ಯಂತ್ರದ ಗೊಡವೆ ಏಕೆಂದು ನೀವು ಕೇಳಬಹುದು. ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬಾಡಿದ ಮುಖದಿಂದ ನನ್ನ ಬಳಿಗೆ ಬಂದನು. ಗ್ಯಾರೇಜಿನಲ್ಲಿ ದುಡಿದು ಕೂಡಿಟ್ಟ ಹಣದಿಂದ ಅವನು ಪೇಟೆಯಲ್ಲಿ ಎಲ್ಲಕ್ಕಿಂತ ಅಗ್ಗವಾದ ಗ್ರೈಂಡರನ್ನು ಕೊಂಡಿದ್ದನು. ಎರಡನೆಯ ತಿಂಗಳಿನಲ್ಲಿ, ಹಳೆಯ ಜೀಪೊಂದರ ತುಕ್ಕು ಹಿಡಿದ ನೆಲದ ತಗಡನ್ನು ಕೊಯ್ಯುತ್ತಿರುವಾಗ, ಅದರಿಂದ ಹೊಗೆ ಬಂದು ಯಂತ್ರ ನಿಂತೇ ಹೋಯಿತು. “ಗುರುಗಳೇ, ಮತ್ತೊಮ್ಮೆ ಮೋಸ ಹೋಗುವ ಶಕ್ತಿ ನನಗಿಲ್ಲ. ಬಾಳಿಕೆಯ ಯಂತ್ರವನ್ನು ಗುರುತಿಸುವುದು ಹೇಗೆ?” ಎಂದು ಕೇಳಿದನು. ನನಗೆ ತಿಳಿದಿರಲಿಲ್ಲ. ಇಬ್ಬರೂ ಕೂಡಿ ಅನುಭವಸ್ಥರಾದ ಮಿಸ್ತ್ರಿಯೊಬ್ಬರ ಬಳಿಗೆ ಹೋದೆವು. ಅಲ್ಲಿ ಕೇಳಿದುದನ್ನೂ, ಅನಂತರ ಓದಿ ತಿಳಿದುದನ್ನೂ ಇಲ್ಲಿ ಬರೆದಿರುವೆನು.

ಸಾಣೆ ನಮಗೆ ಹೊಸದಲ್ಲ. ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರು ದೂರದ ಎಲ್ಲೋರಾದಲ್ಲಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ, ಎಂದರೆ 8ನೆಯ ಶತಮಾನದ, ಕೈಲಾಸ ದೇವಾಲಯವನ್ನು ಬಂಡೆಯಲ್ಲಿ ಕೊರೆದ ಶಿಲ್ಪಿಗಳ ಉಳಿಗಳೂ ಮೊಂಡಾದಾಗ ಹರಿತಗೊಳ್ಳಲೇಬೇಕಾಗಿತ್ತಲ್ಲವೇ? ಅಂದು ವಸ್ತುವನ್ನು ಸಾಣೆಯ ಬಳಿಗೆ ಒಯ್ಯುತ್ತಿದ್ದರು; ಇಂದು ಸಾಣೆಯನ್ನೇ ವಸ್ತುವಿನ ಬಳಿಗೆ ಒಯ್ಯುವರು. ಈ ರೀತಿಯ ವೇಗದ ಕೈಯಂತ್ರವನ್ನು 1954ರಲ್ಲಿ ಜರ್ಮನಿಯ ಆಕರ್ಮಾನ್ ಮತ್ತು ಶ್ಮಿಟ್ ಸಂಸ್ಥೆಯವರು ಹೊರತಂದರು. ಅವರ ‘ಫ್ಲೆಕ್ಸ್’ ಎಂಬ ಹೆಸರೇ ಆ ನಾಡಿನಲ್ಲಿ ಯಂತ್ರಕ್ಕೆ ರೂಢನಾಮವಾಗಿಬಿಟ್ಟಿದೆ.

ಇದರ ಒಳರಚನೆ ಸರಳವಾದುದು. ಹಿಡಿಯ ಭಾಗದಲ್ಲಿ ವಿದ್ಯುತ್ ಮೋಟಾರು ಇರುವುದು. ಅದರೊಳಗೆ ಸುತ್ತುವ ಆರ್ಮೇಚರಿಗೆ ಎರಡು ಇಂಗಾಲದ ತುಂಡುಗಳು ಒತ್ತಿಕೊಂಡು ವಿದ್ಯುತ್ತನ್ನು ಒದಗಿಸುವುವು. ಇವನ್ನೇ ಮಿಸ್ತ್ರಿಗಳು ‘ಕಾರ್ಬನ್’ ಎನ್ನುವರು. ತಲೆಯ ಭಾಗದಲ್ಲಿ ಒಂದು ಜೊತೆ ಹಲ್ಲುಚಕ್ರಗಳು ತಿರುಗುವಿಕೆಯನ್ನು ಲಂಬಕೋನಕ್ಕೆ ಹೊರಳಿಸಿ ಬಿಲ್ಲೆಯನ್ನು ತಿರುಗಿಸುವುವು. ಒಂದು ಫ್ಯಾನು ಹಿಂದಿನಿಂದ ಗಾಳಿಯನ್ನೆಳೆದು ಮೋಟಾರನ್ನು ತಂಪುಗೊಳಿಸುವುದು.

ಬಿಲ್ಲೆಯ ವೇಗವನ್ನು ನೀವೇ ಲೆಕ್ಕ ಹಾಕಿ ನೋಡಿರಿ. 100 ಮಿಲಿಮೀಟರು ವ್ಯಾಸದ ಬಿಲ್ಲೆಯ ಪರಿಧಿ ಸುಮಾರು 314 ಮಿಲಿಮೀಟರು. ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚು ಸೆಕೆಂಡಿಗೆ ಸುಮಾರು 58 ಮೀಟರು, ಅಂದರೆ ಗಂಟೆಗೆ 200 ಕಿಲೋಮೀಟರಿಗೂ ಮಿಗಿಲಾಗಿ ಓಡುವುದು. ಸಾಮಾನ್ಯ ಬಿಲ್ಲೆಗಳು ತಾಳಬಲ್ಲ ಮಿತಿ ಸೆಕೆಂಡಿಗೆ 80 ಮೀಟರು. ಗಾರ್ಡನ್ನು ಕಿತ್ತೆಸೆದು ಇದೇ ಯಂತ್ರಕ್ಕೆ 180 ಮಿಲಿಮೀಟರಿನ ಬಿಲ್ಲೆಯನ್ನು ಹೇಗೋ ತೊಡಿಸಿದರೆ ಅಂಚಿನ ವೇಗ 103 ಮೀಟರನ್ನು ಮೀರುವುದು. ಆಗ ಬಿಲ್ಲೆ ಸಿಡಿದು ಚೂರಾದರೆ, ಆ ಚೂರುಗಳ ಮುಂದೆ ಕಣ್ಣು, ಕತ್ತು ಯಾವುದೂ ಉಳಿಯದು. ಆದುದರಿಂದ ಯಂತ್ರದ ವೇಗಕ್ಕಿಂತ ಬಿಲ್ಲೆಯ ಮೇಲೆ ಬರೆದ ವೇಗ ಕಡಿಮೆಯಾಗಿರಬಾರದು.

ಇನ್ನು ಆಯ್ಕೆಯ ಮಾತು. ಕಾರಿನ ಹೊರತಗಡು ಬಹುಮಟ್ಟಿಗೆ ಒಂದು ಮಿಲಿಮೀಟರಿಗಿಂತ ತೆಳುವಾದುದು. ಹೆಚ್ಚು ಕಾದರೆ ಅದು ಡೊಂಕಾಗುವುದು. ಆದುದರಿಂದ ದೈತ್ಯ ಯಂತ್ರ ಬೇಕಿಲ್ಲ. 100 ಅಥವಾ 125 ಮಿಲಿಮೀಟರಿನ ಬಿಲ್ಲೆಯದೇ ಸಾಕು. ವೇಗವನ್ನು ಹೆಚ್ಚು ಕಡಿಮೆ ಮಾಡುವ ಏರ್ಪಾಡಿದ್ದರೆ ಬಣ್ಣ, ತುಕ್ಕು ತೆಗೆಯುವ ಕೆಲಸಕ್ಕೆ ಬಹಳ ಅನುಕೂಲ.

ಅಂಗಡಿಯವನು ಮೊದಲು ಹೇಳುವುದು ವ್ಯಾಟಿನ ಲೆಕ್ಕ. ವ್ಯಾಟೆಂದರೆ ಸಾಮಾನ್ಯವಾಗಿ ಯಂತ್ರ ತಿನ್ನುವ ವಿದ್ಯುತ್ತು. ಅದು ಬಾಳಿಕೆಯ ಅಳತೆಯಲ್ಲ. ದಿನವೂ ದುಡಿಸುವವನಿಗೆ 800 ವ್ಯಾಟಿನ ಆಸುಪಾಸಿನದು ಲೇಸು. ಏಕೆಂದರೆ ಶಕ್ತಿ ಮಿಕ್ಕಿರುವ ಮೋಟಾರು ಏದುಸಿರು ಬಿಡುವುದಿಲ್ಲ. ಆದರೆ ಯಂತ್ರದ ಆಯುಷ್ಯವನ್ನು ನಿರ್ಧರಿಸುವುವು ಬೇರೆ ಸಂಗತಿಗಳು. ಕಬ್ಬಿಣದ ಪುಡಿ ಗಾಳಿಯೊಡನೆ ಒಳಹೊಕ್ಕು ತಂತಿಯ ಸುರುಳಿಗಳನ್ನು ಸವೆಸುವುದು; ಅದು ವಿದ್ಯುತ್ತನ್ನು ಹಾಯಗೊಡುವುದಾದ್ದರಿಂದ ಒಳಗೇ ಶಾರ್ಟಾಗುವ ಭಯವೂ ಉಂಟು. ಆದುದರಿಂದ ಸುರುಳಿಗಳ ಮೇಲೆ ಗಟ್ಟಿ ಲೇಪನವೂ, ಬೇರಿಂಗುಗಳಿಗೆ ಧೂಳು ತಡೆಯುವ ಮುಚ್ಚಳವೂ ಇರುವುದನ್ನು ಕೇಳಿ ತಿಳಿಯತಕ್ಕದ್ದು. ಕಾರ್ಬನ್ ಸವೆಯುವುದು ಸಹಜ. ಅದನ್ನು ಸುಲಭವಾಗಿ ಬದಲಿಸುವಂತಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕಾರ್ಬನ್, ಆರ್ಮೇಚರ್, ಸ್ವಿಚ್ಚುಗಳು ನಮ್ಮ ಊರಿನಲ್ಲಿಯೇ ದೊರೆಯಬೇಕು. ಬಿಡಿಭಾಗ ಸಿಗದ ಯಂತ್ರ ಎಷ್ಟು ಅಗ್ಗವಾದರೂ ತುಟ್ಟಿಯೇ. ಕೈಬಿಟ್ಟೊಡನೆ ನಿಲ್ಲುವ ಸ್ವಿಚ್ಚೂ, ಅಂಗೈಯಲ್ಲಿ ಹಿಡಿಯಲು ಬರುವ ಗಾತ್ರವೂ ಇದ್ದರೆ ಉತ್ತಮ.

ಒಳ್ಳೆಯ ಯಂತ್ರವೂ ಕೆಟ್ಟ ಕೈಯಲ್ಲಿ ಬಾಳದು. “ಕೊಯ್ಯುವುದು ಬಿಲ್ಲೆಯ ಕೆಲಸ, ಒತ್ತುವುದು ನಿನ್ನ ಕೆಲಸವಲ್ಲ” ಎಂದರು ಆ ಮಿಸ್ತ್ರಿ. ನಮ್ಮ ಹುಡುಗನು ತಲೆ ತಗ್ಗಿಸಿದನು. ಅವನ ಮೊದಲ ಯಂತ್ರ ಸುಟ್ಟುದಕ್ಕೆ ಅದರ ಅಗ್ಗತನವಷ್ಟೇ ಕಾರಣವಾಗಿರಲಿಲ್ಲ. ಒತ್ತಿದಷ್ಟೂ ಮೋಟಾರು ಕಾಯುವುದು. ಭಾರಿ ಕೆಲಸದ ಅನಂತರ ಒಂದು ನಿಮಿಷ ಬರಿದೇ ಓಡಿಸಿದರೆ ಫ್ಯಾನಿನ ಗಾಳಿಗೆ ಅದು ತಂಪಾಗುವುದು. ಉದ್ದವಾದ ತೆಳು ವೈರಿನಿಂದ ವಿದ್ಯುತ್ತು ಕೊಡಬಾರದು. ಕತ್ತರಿಸುವ ತೆಳು ಬಿಲ್ಲೆಯ ಪಕ್ಕದಿಂದ ಉಜ್ಜಬಾರದು. ಬಿಲ್ಲೆಯ ನಡುವಿನ ಲೋಹದ ಉಂಗುರದ ಮೇಲೆ ಮುದ್ರಿಸಿದ ಅವಧಿ ಮೀರಿದ್ದರೆ ಅದನ್ನು ಎಸೆಯಬೇಕು. ಬಿಲ್ಲೆ ಬದಲಿಸುವ ಮುನ್ನ ಪ್ಲಗ್ಗನ್ನು ಕೀಳಬೇಕು.

ಹಳೆಯ ಕಾರಿನ ಪೆಟ್ರೋಲ್ ಟಾಕಿ ಬರಿದಾಗಿದ್ದರೂ ಅದರೊಳಗಿನ ಆವಿಗೆ ಒಂದು ಕಿಡಿ ಸಾಕು. ಟಾಕಿಯನ್ನು ಕಳಚಿ ದೂರವಿಡತಕ್ಕದ್ದು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಮೂಗಿಗೆ ಮಾಸ್ಕು ಬೇಕು. ಕಣ್ಣಿಗೆ ಕನ್ನಡಕ, ಬಿಲ್ಲೆಗೆ ಗಾರ್ಡು ಇವೆರಡನ್ನು ಎಂದಿಗೂ ಬಿಡಬಾರದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಗ್ಯಾರೇಜಿನಲ್ಲಿ ದಿನವೂ ನಿಜವಾಗುವುದು.

ನಮ್ಮ ಹುಡುಗನು ಮೂರು ತಿಂಗಳು ತಾಳಿ, ಹಣ ಕೂಡಿಸಿ, ಮಧ್ಯಮ ಬೆಲೆಯ ಯಂತ್ರವೊಂದನ್ನು ಕೊಂಡನು. ಅಂಗಡಿಯಲ್ಲಿ ಅವನು ಮೊದಲು ಕೇಳಿದ್ದು ಬೆಲೆಯನ್ನಲ್ಲ, ಕಾರ್ಬನ್ ಎಲ್ಲಿ ಸಿಗುವುದೆಂಬುದನ್ನು. ಈಗಾಗಲೇ ಒಮ್ಮೆ ಕಾರ್ಬನ್ ಬದಲಿಸಿರುವನು. ಯಂತ್ರ ಓಡುತ್ತಲೇ ಇದೆ. ಆ ಜೀಪು ಹೊಸ ಬಣ್ಣ ತೊಟ್ಟು ತ್ರ್ಯಂಬಕದ ದಾರಿಯಲ್ಲಿ ಓಡಾಡುತ್ತಿದೆ.

ಬಾಲಕ ಬಾಲಕಿಯರೇ, ನಿಮ್ಮಲ್ಲಿ ಕೆಲವರು ನಾಳೆ ಇಂಥ ಕಸುಬುಗಳನ್ನೇ ಹಿಡಿಯುವಿರಿ. ಉಪಕರಣವನ್ನು ಕೊಳ್ಳುವ ಮುನ್ನ ಅದರ ಒಳಗನ್ನು ತಿಳಿಯಿರಿ. ತಿಳಿಯದಿದ್ದರೆ ಬಲ್ಲವರನ್ನು ಕೇಳಿರಿ. ಕೇಳಲು ನಾಚಬೇಕಾಗಿಲ್ಲ; ನಿಮ್ಮ ಗುರುವೂ ಕೇಳಿಯೇ ಕಲಿತನು.