ರಾತ್ರಿ ಪಾಳಿಗೆ ಯಾರು?

ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರನ್ನು ಮನೆಗೆ ಕಳಿಸುವಾಗ ಆಸ್ಪತ್ರೆಯ ನರ್ಸ್ ತಪ್ಪದೇ ಹೇಳುವ ಮಾತು: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಅಂದರೆ ರಾತ್ರಿ ಹತ್ತಕ್ಕೆ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಮಧ್ಯೆ ಡೈಪರ್ ಬದಲಿಸಬೇಕು, ಬಾಯಾರಿದರೆ ಚಮಚದಲ್ಲಿ ನೀರು ಹಾಕಬೇಕು.

ಬೆಂಗಳೂರಿನ ಏಜೆನ್ಸಿಗಳಿಗೆ ಫೋನ್ ಮಾಡಿದರೆ ‘24 ಗಂಟೆ ಆಯಾ’ ಸಿಗುತ್ತಾರೆ. ದಿನಕ್ಕೆ ಸಾವಿರ ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 3,65,000. ಔಷಧಿ, ಫಿಸಿಯೋಥೆರಪಿ, ಏರ್ ಬೆಡ್ ಬೇರೆ. ಆದರೆ ವಾರಕ್ಕಿರುವುದು 168 ಗಂಟೆ. ಒಬ್ಬರು 48 ಗಂಟೆ ದುಡಿದರೆ ಮೂರೂವರೆ ಜನ ಬೇಕು. ಒಬ್ಬಳೇ ಹೆಣ್ಣುಮಗಳು ಅಷ್ಟನ್ನೂ ನಿಭಾಯಿಸುತ್ತಿದ್ದಾಳೆಂದರೆ ಮನೆಯವರ ದುಡ್ಡು ಉಳಿಯುತ್ತಿರುವುದು ಅವಳ ನಿದ್ದೆಯಿಂದ. ನಿದ್ದೆಗೆಟ್ಟವರ ಕೈಯಲ್ಲಿ ರೋಗಿಯೂ ಕ್ಷೇಮವಲ್ಲ.

ಹಾಗಾಗಿ ಮೊದಲು ದಿನದ ಗಂಟೆಗಳನ್ನು ಬಿಡಿಸಿ ನೋಡಬೇಕು. ಗಂಟಲಿಗೆ ಕೊಳವೆ ಹಾಕಿರುವವರಿಗೆ ತರಬೇತಾದ ನರ್ಸ್ ಬೇಕೇ ಬೇಕು. ಸ್ನಾನ, ಊಟ, ಓಡಾಟಕ್ಕೆ ಆಯಾ ಸಾಕು. ಡ್ರೆಸ್ಸಿಂಗ್‌ಗೆ, ಕ್ಯಾಥೆಟರ್ ಬದಲಿಸಲಿಕ್ಕೆ ನರ್ಸ್ ಬಂದು ಹೋದರಾಯಿತು. ಹಗಲು ಮನೆಯವರು ನೋಡಿಕೊಂಡು ರಾತ್ರಿಗಷ್ಟೇ ಜನ ಇಟ್ಟರೆ ಹೊರೆ ಬಹಳ ಇಳಿಯುತ್ತದೆ. ಖರ್ಚು ಹಂಚಿಕೊಳ್ಳುವ ಅಣ್ಣತಮ್ಮಂದಿರು ಹಗಲಿಡೀ ದುಡಿಯುವ ಸೊಸೆಯ ಪಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದನ್ನು ಹಿಡಿಯದ ಲೆಕ್ಕ ಸುಳ್ಳು ಲೆಕ್ಕ.

ವಿಮೆಯನ್ನು ನಂಬಿ ಕೂರುವಂತಿಲ್ಲ. 2024ರಲ್ಲಿ 70 ದಾಟಿದವರೆಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಭಾರತ್‌ನ 5 ಲಕ್ಷ ರೂಪಾಯಿ ಆಸ್ಪತ್ರೆ ಸೇರಿದವರ ಚಿಕಿತ್ಸೆಗೆ, ಆಯಾಳ ಸಂಬಳಕ್ಕಲ್ಲ.

ಹಲವರು ಕೈಬಿಡುವ ಸವಲತ್ತೊಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ಸ್ ಕೂಡ ಇದೆ. ಕನಿಷ್ಠ ಶೇ 40 ವೈಕಲ್ಯದ ಪ್ರಮಾಣಪತ್ರವಿದ್ದರೆ, ತಮ್ಮನ್ನೇ ನಂಬಿದ ತಂದೆತಾಯಿಯನ್ನು ನೋಡಿಕೊಳ್ಳುವ ಮಕ್ಕಳಿಗೆ ತೆರಿಗೆಗೆ ಒಳಪಡುವ ಆದಾಯದಲ್ಲಿ 75,000 ರೂಪಾಯಿ ಕಡಿತ; ವೈಕಲ್ಯ ಶೇ 80 ಅಥವಾ ಹೆಚ್ಚಾದರೆ 1,25,000. ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಸ್ವಂತ ಮನೆಯಿದ್ದೂ ಕೈಯಲ್ಲಿ ಕಾಸಿಲ್ಲದ 60 ದಾಟಿದವರಿಗೆ ರಿವರ್ಸ್ ಮಾರ್ಟ್‌ಗೇಜ್ ಇದೆ. ಮನೆಯ ಮೇಲೆ ಬ್ಯಾಂಕೇ ಕಂತು ಕೊಡುತ್ತದೆ. ಬದುಕಿರುವವರೆಗೆ ಅಲ್ಲೇ ಇರಬಹುದು. ಮಕ್ಕಳಿಗೆ ಮನೆ ಉಳಿಯಲಿ ಎಂದು ಹೆಚ್ಚಿನವರು ಹಿಂಜರಿಯುತ್ತಾರೆ. ಹೊಟ್ಟೆಬಟ್ಟೆ ಕಟ್ಟಿ ಕಟ್ಟಿಸಿದ ಮನೆ ಮೊದಲು ಅವರ ಕಷ್ಟಕ್ಕೇ ಆಗಬೇಕು.

ಕ್ಯಾನ್ಸರ್‌ನ ಕೊನೆಯ ಹಂತದವರಿಗೆ ಬೆಂಗಳೂರಿನ ಕರುಣಾಶ್ರಯ ಸಂಸ್ಥೆಯ ಆರೈಕೆ ಉಚಿತ. ಅದರ ತಂಡ ಮನೆಗೂ ಬರುತ್ತದೆ. ಆದರೆ ಆಯಾ ಇಡುವ ಶಕ್ತಿಯೇ ಇಲ್ಲದ ಹಳ್ಳಿಮನೆಗಳ ಗತಿ? ಕೇರಳ 2008ರಲ್ಲೇ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆ ನೀತಿ ತಂದಿತು. ಅಲ್ಲಿ ಪಂಚಾಯಿತಿಗಳ ಹೊಣೆಯಲ್ಲಿ ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಬಾಗಿಲಿಗೆ ಹೋಗುತ್ತಾರೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳ ಬಜೆಟ್‌ನಲ್ಲೂ ಅದಕ್ಕೊಂದು ಪಾಲು ಸಿಗಬೇಕು.